ಕೆಮ್ಮಣ್ಣಾವತಿ ಗರಡಿಯ ಒಂದು ಮಾತು

ಮರಗಳು ಮಾತಾಡುತ್ತಿದ್ದ, ಮನುಷ್ಯರಿಗೆ ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತೂ ಇದ್ದ ಕಾಲದಲ್ಲಿ ಕೆಮ್ಮಣ್ಣಾವತಿ ಎಂಬ ಒಂದು ರಾಜ್ಯವಿತ್ತು. ರಾಜ್ಯದ ನಟ್ಟನಡುವೆ ಒಂದು ಗರಡಿ. ಗರಡಿ ಎಂದರೆ ನಾಲ್ಕು ಗೋಡೆ, ಒಂದು ದೀಪ ಎಂದುಕೊಳ್ಳಬೇಡಿ. ಹತ್ತು ಸಾವಿರ ಜನ ಸುತ್ತ ಕೂತು ನೋಡುವಷ್ಟು ಮೆಟ್ಟಿಲುಗಳು, ನಡುವೆ ಕೆಂಪು ಮಣ್ಣಿನ ಕಣ, ಕಣದ ಬಾಗಿಲಲ್ಲಿ ಆಳೆತ್ತರದ ಕರಿಕಲ್ಲು. ಆ ಕಲ್ಲಿನ ಮೇಲೆ ಒಂದೇ ಒಂದು ಮಾತು ಕೆತ್ತಿತ್ತು: ಏಳು.

ಯಾಕೆ ಏಳು ಎಂದು ಕೇಳಿದರೆ ಊರಿನ ಮಕ್ಕಳು ಕೂಡ ಉತ್ತರ ಒಪ್ಪಿಸುತ್ತಿದ್ದರು. ಮಾಂತ್ರಿಕ ಸಪ್ತಕೇತುವಿನ ಮೂಲಪುರುಷ ಇದೇ ಕಣದಲ್ಲಿ ಏಳು ರಾಕ್ಷಸರನ್ನು ಕೆಡವಿದನಂತೆ. ಅದಕ್ಕೇ ಕುಸ್ತಿಯಲ್ಲಿ ಎದುರಾಳಿಯನ್ನು ಏಳು ಸಲ ಕೆಡವಿದವನು ಗೆದ್ದಂತೆ. ಅದಕ್ಕೇ ಸಪ್ತಕೇತುವಿನ ಕಿರೀಟಕ್ಕೆ ಏಳು ಗರಿ, ಕೈಬೆತ್ತಕ್ಕೆ ಏಳು ಗಂಟು. ಮೂವತ್ತು ವರ್ಷದ ಹಿಂದೆ ಅವನು ಆಸ್ಥಾನಕ್ಕೆ ಬರುವ ಮೊದಲು ಆ ಮಾತಿನ ಅರ್ಥವನ್ನು ಯಾರೂ ವಿಚಾರಿಸಿರಲಿಲ್ಲ. ಯಾರೂ ವಿಚಾರಿಸದ ಜಾಗ ನೋಡಿ ಅವನು ತನ್ನ ಕತೆಯನ್ನು ಅಲ್ಲಿ ಕೂರಿಸಿದ, ಕೂರಿಸಿ ತಾನೂ ಮೀಸೆ ತಿರುವುತ್ತ ಅದರ ಪಕ್ಕ ಕೂತ.

ಅವನು ಬಂದ ಮೇಲೆ ಕುಸ್ತಿ ಮೊದಲಿನಂತೆ ಉಳಿಯಲಿಲ್ಲ. ಒಬ್ಬ ಬಿದ್ದರೆ ಮೆಟ್ಟಿಲ ಮೇಲಿನ ಜನ ಒಕ್ಕೊರಲಿನಿಂದ ಎಣಿಸಬೇಕು. ಒಂದು, ಎರಡು, ಮೂರು. ಏಳನೆಯ ಸಲ ಬಿದ್ದಾಗ ಹತ್ತು ಸಾವಿರ ಬಾಯಿ ಒಟ್ಟಿಗೆ "ಏಳು" ಅನ್ನುತ್ತಲೇ ಬಿದ್ದವನು ಬಿದ್ದಲ್ಲೇ ಕಲ್ಲಾಗುತ್ತಿದ್ದ. ಅವನ ಬಲವೆಲ್ಲ ಸಪ್ತಕೇತುವಿನ ತೋಳಿಗೆ ಇಳಿಯುತ್ತಿತ್ತು. ಕಣದ ಅಂಚಿನಲ್ಲಿ ಹಾಗೆ ಸಾಲಾಗಿ ಮೂವತ್ತೊಂದು ಕಲ್ಲುಗಳಿದ್ದವು. ಮೂವತ್ತೊಂದನೆಯದು ನಿಂಬೆವ್ವನ ಅಣ್ಣ ಸಂಕಪ್ಪ.

ನಿಂಬೆವ್ವ ಮಣ್ಣು ತುಳಿಯುವವರ ಓಣಿಯ ಹೆಣ್ಣು. ಗರಡಿಯ ಮಣ್ಣು ಹೊಲದಿಂದ ತಂದು ಸುರಿದರೆ ಆಗುವುದಿಲ್ಲ. ಜರಡಿ ಹಿಡಿದು ಹರಳು ತೆಗೆಯಬೇಕು. ಅರಿಶಿನ ಬೆರೆಸಬೇಕು, ಮಜ್ಜಿಗೆ ಚಿಮುಕಿಸಬೇಕು, ಬೇವಿನ ಸೊಪ್ಪು ಅರೆದು ಕಲಸಬೇಕು. ಆಮೇಲೆ ಹನ್ನೊಂದು ಹೆಂಗಸರು ಸೊಂಟಕ್ಕೆ ಸೆರಗು ಬಿಗಿದು, ರೊಟ್ಟಿ ಹಿಟ್ಟಿನಷ್ಟು ಮೆತ್ತಗಾಗುವ ತನಕ ತುಳಿಯಬೇಕು. ಹದ ಬಂದ ಮಣ್ಣಿನ ಮೇಲೆ ಬಿದ್ದವನ ಮೈಗೆ ಗೀರೂ ಆಗುವುದಿಲ್ಲ. ಇಷ್ಟೆಲ್ಲ ಮಾಡುವ ಹೆಂಗಸರು ಕುಸ್ತಿಯ ದಿನ ಮಾತ್ರ ಕಣಕ್ಕೆ ಕಾಲಿಡುವಂತಿರಲಿಲ್ಲ. ಕಟ್ಟಕಡೆಯ ಮೆಟ್ಟಿಲು ಅವರ ಪಾಲು.

ಹೋದ ವರ್ಷ ಆ ಕಟ್ಟಕಡೆಯ ಮೆಟ್ಟಿಲ ಮೇಲೆ ನಿಂತು ನಿಂಬೆವ್ವ ಅಣ್ಣನ ಕುಸ್ತಿ ನೋಡಿದ್ದಳು. ಐದನೆಯ ಸಲ ಬಿದ್ದಾಗಲೇ ಅವಳಿಗೆ ಕಣ್ಣು ಮಂಜಾಗಿತ್ತು. ಆದರೆ ಸುತ್ತ ಸಾವಿರಾರು ಬಾಯಿ ಒಂದೇ ತಾಳದಲ್ಲಿ ಕೂಗುವಾಗ ನಮ್ಮ ಬಾಯಿ ನಮ್ಮ ಮಾತು ಕೇಳುವುದಿಲ್ಲ. ಚಿಕ್ಕಂದಿನಿಂದ ಎಣಿಸಿದ ಬಾಯಿ ಅಂದೂ ಎಣಿಸಿತು. ಏಳನೆಯದನ್ನೂ ಎಣಿಸಿತು. ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು, ಅಷ್ಟರಲ್ಲಿ ಕೆಳಗೆ ಅಣ್ಣನ ಬದಲು ಕಲ್ಲಿತ್ತು. ಇದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸಿ ಬರುತ್ತಿದ್ದಳು.

ಈ ವರ್ಷ ಸಪ್ತಕೇತುವಿಗೆ ಹೊಸ ಆಸೆ ಹುಟ್ಟಿತು. ಏಳು ಉಪ್ಪರಿಗೆಯ ಅರಮನೆ ಬೇಕು, ಅದರ ಅಡಿಪಾಯಕ್ಕೆ ಆ ಮೂವತ್ತೊಂದು ಕಲ್ಲುಗಳನ್ನು ಒಡೆದು ತುಂಬಬೇಕು ಎಂದ. ರಾಜ ಧರಣಿಪಾಲ ಒಳ್ಳೆಯವನೇ, ಆದರೆ ಮಾಂತ್ರಿಕನನ್ನು ತಲೆಯ ಮೇಲೆ ಕೂರಿಸಿಕೊಂಡು ಕತ್ತು ನೋವೆಂದು ಹೇಳಲಾರದವನು. ಹುಣ್ಣಿಮೆಯ ದಿನ ಕುಸ್ತಿ ಮುಗಿದ ಕೂಡಲೇ ಕಲ್ಲು ಒಡೆಯಿರಿ ಎಂದು ಅಪ್ಪಣೆ ಕೊಟ್ಟುಬಿಟ್ಟ. ಒಡೆದ ಕಲ್ಲು ಮತ್ತೆ ಮನುಷ್ಯನಾಗುವುದು ಯಾವ ಮಂತ್ರದಿಂದಲೂ ಆಗದ ಮಾತು. ನಿಂಬೆವ್ವನಿಗೆ ಉಳಿದದ್ದು ಹದಿನೈದು ದಿನ.

ಅದೇ ಹುಣ್ಣಿಮೆಗೆ ಗರಡಿಯ ಮಣ್ಣು ಬದಲಿಸುವ ಸರದಿಯೂ ಬಂದಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಕಣದ ಮಣ್ಣೆಲ್ಲ ತೆಗೆದು ಹೊಸದು ತುಂಬುವುದು ಆ ರಾಜ್ಯದ ಪದ್ಧತಿ. ಆ ಸಲದ ಅರಿಶಿನ, ಮಜ್ಜಿಗೆ, ಬೇವು ಸಂತೆಯವು ಆಗಕೂಡದು. ಮಾಯದ ಕಾಡಿಗೆ ಹೋಗಿ, ಮೊಟ್ಟಮೊದಲ ಸಲ ಎಲ್ಲಿಂದ ತಂದಿದ್ದರೋ ಅಲ್ಲಿಂದಲೇ ತರಬೇಕು. ಹೋಗುವ ಹಕ್ಕು ನಿಂಬೆವ್ವನ ಮನೆತನದ್ದು. ಸಪ್ತಕೇತು ಅವಳನ್ನು ಕರೆಸಿ, ಮೂರನ್ನೂ ತಂದುಕೊಡು, ಕಾವಲಿರುವ ಮೃಗಗಳೊಡನೆ ಒಂದೇ ಒಂದು ಮಾತೂ ಆಡಕೂಡದು ಎಂದು ಬೆತ್ತ ತೋರಿಸಿ ಹೇಳಿದ. ಮಾತಾಡಿದರೆ ಏನಾಗುತ್ತದೆ ಎಂದು ಹೇಳಲಿಲ್ಲ. ನಿಂಬೆವ್ವ ತಲೆಯಾಡಿಸಿ ಬುಟ್ಟಿ, ಗಡಿಗೆ ಎತ್ತಿಕೊಂಡು ಹೊರಟಳು. ಇಷ್ಟು ದೊಡ್ಡ ಮನುಷ್ಯ ಒಂದು ಮಾತಿಗೆ ಯಾಕೆ ಹೆದರುತ್ತಾನೆ ಎಂಬುದು ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಕೊರೆಯುತ್ತಿತ್ತು.

ಮೂರು ದಿನ ನಡೆದ ಮೇಲೆ ಅರಿಶಿನದ ಮಡಿ ಸಿಕ್ಕಿತು. ಕಾವಲಿಗೆ ಚಿನ್ನದ ಕೋರೆಯ ಕಾಡುಹಂದಿ. ಅದು ಧೂಳೆಬ್ಬಿಸುತ್ತ ಬಂದು ಗುದ್ದಿತು, ನಿಂಬೆವ್ವ ಮಾರುದೂರ ಹೋಗಿ ಬಿದ್ದಳು. ಎದ್ದು ಬಂದಳು. ಮತ್ತೆ ಗುದ್ದಿತು, ಮತ್ತೆ ಎದ್ದು ಬಂದಳು. ಮೂರನೆಯ ಸಲ ಮೊಣಕೈ ತರಚಿ ರಕ್ತ ಬಂತು. ಆಗಲೂ ಬುಟ್ಟಿ ಬಿಡದೆ ಎದ್ದು ನಿಂತದ್ದು ನೋಡಿ ಹಂದಿ ಗುದ್ದುವುದನ್ನು ನಿಲ್ಲಿಸಿತು. ತಾನೇ ಮೂತಿಯಿಂದ ಅರಿಶಿನದ ಗೆಡ್ಡೆ ಅಗೆದು ಕೊಟ್ಟಿತು, ಒಂದು ಗೆಡ್ಡೆಯನ್ನು ಅಗಿದು ಅವಳ ಮೊಣಕೈಗೆ ಮೆತ್ತಿತು. ಮೆತ್ತಿದ ಕೂಡಲೇ ಗಾಯ ಮುಚ್ಚಿಕೊಂಡಿತು.

ನಿಂಬೆವ್ವ ಇನ್ನು ಬಾಯಿ ಕಟ್ಟಿಕೊಳ್ಳಲಾರದಾದಳು. ಇದನ್ನು ಕಾಳಗದ ಕಣಕ್ಕೆ ಯಾಕೆ ಹಾಕುತ್ತಾರೆ ಎಂದು ಕೇಳಿದಳು. ಹಂದಿಗೆ ಆಶ್ಚರ್ಯವಾಯಿತು. ಕಾಳಗವೇ? ತಾನು ಅರಿಶಿನ ಕೊಟ್ಟದ್ದು ಗಾಯಕ್ಕೆ, ಕಾಳಗದ ಸುದ್ದಿ ತನಗೆ ಗೊತ್ತೇ ಇಲ್ಲ ಎಂದು ಕಾಡಿನೊಳಗೆ ನುಗ್ಗಿ ಹೋಯಿತು.

ಮುಂದೆ ಮಜ್ಜಿಗೆಯ ಹಳ್ಳ. ಅಲ್ಲಿ ಬೆಟ್ಟದಂಥ ಬಿಳಿ ಎಮ್ಮೆ. ಅದು ಒದೆಯಲಿಲ್ಲ, ಹಾಯಲಿಲ್ಲ, ಸುಮ್ಮನೆ ಉಸಿರು ಬಿಟ್ಟಿತು. ಆ ಉಸಿರಿಗೆ ನಿಂಬೆವ್ವನ ಮೈ ಕಾದ ಹೆಂಚಾಯಿತು. ಮೂರು ಸಲ ಹಳ್ಳದ ದಡ ಹತ್ತಿದಳು, ಮೂರು ಸಲವೂ ಕಾಲು ಕುಸಿದು ಬಿದ್ದಳು, ನಾಲ್ಕನೆಯ ಸಲ ತೆವಳಿಕೊಂಡು ಹೋಗಿ ಗಡಿಗೆ ಅದ್ದಿದಳು. ಮೈಮೇಲೆ ಒಂದು ಬೊಗಸೆ ಸುರಿದುಕೊಂಡಾಗ ಉರಿ ತಟ್ಟನೆ ಇಳಿಯಿತು. ಎಮ್ಮೆಯೂ ಅದೇ ಮಾತು ಹೇಳಿತು. ಜ್ವರದಲ್ಲಿ ಬೇಯುತ್ತಿದ್ದವರ ಮೈ ತಂಪಾಗಲೆಂದು ಕೊಟ್ಟ ಮಜ್ಜಿಗೆಯಂತೆ ಅದು.

ಗಾಯಕ್ಕೆ ಅರಿಶಿನ, ಉರಿಗೆ ಮಜ್ಜಿಗೆ. ನಿಂಬೆವ್ವ ಇವೆರಡನ್ನೂ ಮನಸ್ಸಿನಲ್ಲೇ ಕಲಸುತ್ತ ನಡೆದಳು. ಹುಟ್ಟಿದಾಗಿನಿಂದ ತುಳಿದ ಮಣ್ಣು ತನಗೇ ಅರ್ಥವಾಗದೆ ಉಳಿದಿತ್ತಲ್ಲ ಎಂದು ನಾಚಿಕೆಯಾಯಿತು.

ಬೇವಿನ ಮರದ ಕೆಳಗೆ ಕಾವಲಿದ್ದದ್ದು ಒಂದು ಮುದಿ ಕರಡಿ. ಕಣ್ಣಿಗೆ ಪೊರೆ ಬಂದಿತ್ತು, ಹಿಂಗಾಲೊಂದು ತುಸು ಸೊಟ್ಟ. ಬೇವು ಬೇಕಾದರೆ ತನ್ನ ಜೊತೆ ಕುಸ್ತಿ ಹಿಡಿಯಬೇಕು ಎಂದಿತು. ಹಿಡಿದಳು. ಕಣ್ಣರೆಪ್ಪೆ ಬಡಿಯುವುದರೊಳಗೆ ಅಂಗಾತ ಬಿದ್ದಿದ್ದಳು. ಕರಡಿ ಏನೋ ಗೊಣಗಿತು. ಎದ್ದು ಮತ್ತೆ ಹಿಡಿದಳು, ಮತ್ತೆ ಬಿದ್ದಳು. ಈ ಸಲ ಕರಡಿಯ ಮಾತು ಸ್ಪಷ್ಟವಾಗಿ ಕೇಳಿತು.

"ಏಳು," ಎಂದಿತು ಕರಡಿ.

ನಿಂಬೆವ್ವನಿಗೆ ನೆತ್ತಿಗೇರಿತು. "ಲೆಕ್ಕಾ ತಪ್ಪಬ್ಯಾಡೋ ಅಜ್ಜಾ. ನಾ ಬಿದ್ದದ್ದು ಎರಡ ಸಲ."

"ನಾ ಯಾವಾಗ ಲೆಕ್ಕಾ ಹಾಕಿದೆ ಮಗಳ? ಬಿದ್ದೀಯಲ್ಲಾ, ಅದಕ್ಕ ಏಳು ಅಂದೆ. ಎದ್ದ ನಿಂದ್ರು ಅಂದೆ."

ನಿಂಬೆವ್ವ ಬಿದ್ದಲ್ಲೇ ಎದ್ದು ಕೂತಳು. ಈ ಕತೆ ಕೇಳುತ್ತಿರುವ ನೀವು ಜಾಣರು, ಆಗಲೇ ಊಹಿಸಿರುತ್ತೀರಿ. ಆದರೆ ನೀವು ಕೆಮ್ಮಣ್ಣಾವತಿಯಲ್ಲಿ ಹುಟ್ಟಿ, ಅಂಬೆಗಾಲಿಡುವಾಗಿನಿಂದ ಆ ಕಲ್ಲಿನ ಮುಂದೆ ಬೆರಳು ಮಡಚಿ ಎಣಿಸಲು ಕಲಿತವರಲ್ಲ. ಅವಳಿಗೆ ಗರಡಿಯ ಬಾಗಿಲ ಕರಿಕಲ್ಲು ನೆನಪಾಯಿತು. ಕಲ್ಲಿನ ಮೇಲಿದ್ದ ಮಾತು ಯಾರ ಕೈಯದು, ಯಾಕೆ ಕೆತ್ತಿದ್ದು ಎಂದು ಕೇಳಿದಳು. ಕರಡಿ ಸೊಟ್ಟಗಾಲು ಚಾಚಿ ಕೂತು ಹೇಳತೊಡಗಿತು.

ಒಂದು ಕಾಲದಲ್ಲಿ ಕೆಮ್ಮಣ್ಣಾವತಿಯ ಬೆಟ್ಟ ಕುಸಿದು ಸಾವಿರಾರು ಜನ ಕೈಕಾಲು ಮುರಿದುಕೊಂಡರು. ಆಗ ಮಣ್ಣು ಅಗೆಯುವ ಒಬ್ಬ ಮುದುಕಿ ಊರ ನಡುವೆ ದೊಡ್ಡ ಗುಂಡಿ ತೋಡಿದಳು. ಅರಿಶಿನ, ಮಜ್ಜಿಗೆ, ಬೇವು ಕಲಸಿದ ಮಣ್ಣಿನಲ್ಲಿ ಅವರನ್ನೆಲ್ಲ ಮಲಗಿಸಿದಳು. ಗಾಯ ಒಣಗಿದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿದಳು. ಜೋಮು ಹಿಡಿದ ಕಾಲಿಗೆ ಎಚ್ಚರ ಬರಲೆಂದು ತೊಡೆ ತಟ್ಟಲು ಹೇಳಿದಳು. ಅದನ್ನೇ ಈಗಿನ ಪೈಲ್ವಾನರು ಸವಾಲು ಅಂದುಕೊಂಡು ತಟ್ಟುತ್ತಾರೆ. ನಿಲ್ಲಲಾರದವರ ಕಂಕುಳಿಗೆ ತೋಳು ಕೊಟ್ಟು, ಸೊಂಟಕ್ಕೆ ಕೈ ಸುತ್ತಿ ಎತ್ತಿ ಹಿಡಿದಳು. ಅದೇ ಮೊದಲ ಪಟ್ಟು. ಎದುರಿಗೆ ನಿಂತವನು ವೈರಿಯಲ್ಲ, ಬೀಳದಂತೆ ಹಿಡಿದವನು. ಆದರೂ ಬೀಳುತ್ತಿದ್ದರು. ಬಿದ್ದಾಗಲೆಲ್ಲ ಸುತ್ತ ನಿಂತ ಮನೆಯವರು, ನೆರೆಯವರು ಕೈ ಚಾಚಿ ಒಂದೇ ಮಾತು ಅನ್ನುತ್ತಿದ್ದರು. ಮುದುಕಿ ತೀರಿಕೊಂಡಾಗ ಗುಣವಾದವರು ಸೇರಿ ಆ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸಿದರು. ಅವಳ ಹೆಸರು ಕೆತ್ತಿಸುವುದು ಮಾತ್ರ ಮರೆತರು.

"ಉರುಲಿಗೆ ಸಿಕ್ಕು ಕಾಲು ಮುರದಿತ್ತು ನಂದು. ಮನಶ್ಯಾರ ನಡುವ ನನ್ನೂ ಮಲಗಿಸಿದಳು," ಎಂದಿತು ಕರಡಿ. "ಆಕೀದು ನಿಮ್ಮ ಓಣಿನ, ಮಗಳ. ಮಣ್ಣು ತುಳಿಯೋರ ಓಣಿ."

ನಿಂಬೆವ್ವನಿಗೆ ಅಳು ಬಂತು, ಅದರ ಹಿಂದೆಯೇ ಹೆಮ್ಮೆಯೂ ಉಕ್ಕಿ ಬಂತು. ಹತ್ತು ಸಾವಿರ ಜನ ಕೂತು ನೋಡುವ ಆ ಗರಡಿಯನ್ನು ಯಾವ ರಾಜನೂ ಕಟ್ಟಿಸಿರಲಿಲ್ಲ, ಯಾವ ವೀರನೂ ಗೆದ್ದಿರಲಿಲ್ಲ. ಕಟ್ಟಕಡೆಯ ಮೆಟ್ಟಿಲಲ್ಲಿ ನಿಲ್ಲಿಸಿದ್ದಾರಲ್ಲ, ಆ ಹೆಂಗಸರ ಮುತ್ತಜ್ಜಿ ತೋಡಿದ ಗುಂಡಿ ಅದು. ಬೇವಿನ ಸೊಪ್ಪು ತುಂಬಿಕೊಂಡು ಅವಳು ಊರ ಕಡೆ ನಡೆದಳು. ನಡಿಗೆಯೇ ಬೇರೆಯಾಗಿತ್ತು.

ಊರಬಾಗಿಲಲ್ಲಿ ಸಪ್ತಕೇತು ಕಾದಿದ್ದ. ಮೃಗಗಳ ಜೊತೆ ಮಾತಾಡಿದೆಯಾ ಎಂದು ಕೇಳಿದ. ಬಿದ್ದೆ, ಎದ್ದೆ, ಬಂದೆ ಎಂದಳು ನಿಂಬೆವ್ವ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಅವನಿಗೆ ಹಿಡಿಯಲು ಎಳೆಯೂ ಸಿಗಲಿಲ್ಲ.

ಮರುದಿನ ಹನ್ನೊಂದು ಹೆಂಗಸರು ಹೊಸ ಮಣ್ಣಿಗೆ ಇಳಿದರು. ತುಳಿಯುತ್ತ ತುಳಿಯುತ್ತ ನಿಂಬೆವ್ವ ಎಲ್ಲವನ್ನೂ ಹೇಳಿದಳು. ಸಪ್ತಕೇತುವಿಗೆ ಮನುಷ್ಯನನ್ನು ಕಲ್ಲು ಮಾಡುವ ಶಕ್ತಿಯೇ ಇಲ್ಲ, ಕಲ್ಲು ಮಾಡುತ್ತಿರುವುದು ನಮ್ಮ ಎಣಿಕೆ ಎಂದಳು. ಎಬ್ಬಿಸುವ ಮಾತನ್ನು ಅವನು ಎಣಿಸುವ ಮಾತು ಮಾಡಿದ, ನಾವು ಅವನಿಗೆ ಬಾಯಿ ಕೊಟ್ಟೆವು. ಹೆಂಗಸರ ಕಾಲುಗಳು ನಿಂತುಹೋದವು. ಎಲ್ಲರಿಗಿಂತ ಹಿರಿಯಳಾದ ಗೌರವ್ವನ ಮಗ ಆ ಸಾಲಿನ ನಾಲ್ಕನೆಯ ಕಲ್ಲು. ಅವಳು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡಳು.

"ಅವತ್ತ ನಾನೂ ಕೂಗಿದ್ದೆ ನಿಂಬೆವ್ವಾ," ಎಂದಳು.

"ನಾನೂ ಕೂಗೇನಿ ಅತ್ತಿ," ಎಂದಳು ನಿಂಬೆವ್ವ. ವರ್ಷದಿಂದ ಯಾರಿಗೂ ಹೇಳದ ಮಾತು ಅಂದು ಹೊರಗೆ ಬಂತು.

ಹುಣ್ಣಿಮೆಯ ದಿನ ಬಂತು. ನಡುಮಧ್ಯಾಹ್ನದ ಬಿಸಿಲು. ಮೆಟ್ಟಿಲುಗಳಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ಕಲ್ಲುಗಳ ಪಕ್ಕ ಸುತ್ತಿಗೆ ಹಿಡಿದ ಆಳುಗಳು ನಿಂತಿದ್ದರು. ತನ್ನ ಜೊತೆ ಸೆಣಸಿ ಗೆದ್ದವರು ಈ ಕಲ್ಲುಗಳನ್ನು ಕೊಂಡೊಯ್ಯಬಹುದು ಎಂದು ಸಪ್ತಕೇತು ಕಣದಲ್ಲಿ ನಿಂತು ಸಾರಿದ. ಮೂವತ್ತೊಂದು ಜನರ ಬಲ ತುಂಬಿದ ತೋಳುಗಳವು. ಯಾವ ಪೈಲ್ವಾನನೂ ಅಲುಗಲಿಲ್ಲ. ಆಗ ಕಟ್ಟಕಡೆಯ ಮೆಟ್ಟಿಲಿನಿಂದ ನಿಂಬೆವ್ವ ಇಳಿದು ಬಂದು, ಕಣದ ಅಂಚಿನಲ್ಲಿ ಸೆರಗು ಬಿಗಿದು, ತೊಡೆ ತಟ್ಟಿದಳು.

ಗರಡಿಗೆ ಗರಡಿಯೇ ನಕ್ಕಿತು. ಮಣ್ಣು ತುಳಿಯುವವಳಿಗೆ ಕಣದಲ್ಲೇನು ಕೆಲಸ ಎಂದು ಸಪ್ತಕೇತು ರಾಜನ ಕಡೆ ತಿರುಗಿ ಕೇಳಿದ.

"ಈ ಮಣ್ಣು ಹದಾ ಮಾಡಿದವ್ರು ನಾವು," ಎಂದಳು ನಿಂಬೆವ್ವ. "ನೀವು ಬರೇ ಇದರ ಮ್ಯಾಲ ನಿಂತೀರಿ. ಯಾರು ಬರಬೇಕಂತ ನನ್ನ ಕೇಳಿದ್ರ ಹೇಳತಿದ್ದೆ."

ನಗು ನಿಂತಿತು. ಸಾರಿದ ಮಾತಿನಲ್ಲಿ ಗಂಡು ಹೆಣ್ಣೆಂಬ ಭೇದ ಇರಲಿಲ್ಲವಲ್ಲ ಎಂದು ರಾಜ ಧರಣಿಪಾಲ ಮೆಲ್ಲಗೆ ಅಂದ. ಮೂವತ್ತು ವರ್ಷದಲ್ಲಿ ಅವನು ಮಾಂತ್ರಿಕನಿಗೆ ಎದುರಾಡಿದ್ದು ಅದೇ ಮೊದಲು.

ಸಪ್ತಕೇತು ಅವಳನ್ನು ಒಂದೇ ಕೈಯಿಂದ ಎತ್ತಿ ಒಗೆದ. ಜನ "ಒಂದು" ಎಂದರು. ಅದೇ ಹೊತ್ತಿಗೆ ಕಟ್ಟಕಡೆಯ ಮೆಟ್ಟಿಲಿನಿಂದ ಹತ್ತು ಹೆಂಗಸರು "ಏಳು" ಎಂದರು. ಈ ಹೆಂಗಸರಿಗೆ ಎಣಿಸಲು ಬರುವುದಿಲ್ಲ ಎಂದು ಕೆಲವರು ಗೇಲಿ ಮಾಡಿದರು. ನಿಂಬೆವ್ವ ಎದ್ದಳು. ಎರಡನೆಯ ಸಲ ಬಿದ್ದಳು. ಜನ "ಎರಡು" ಎಂದರು, ಹೆಂಗಸರು ಮತ್ತೆ "ಏಳು" ಎಂದರು. ಈ ಸಲ ಗೌರವ್ವ ಮುಂದಕ್ಕೆ ಬಾಗಿ, ಅಂಗೈ ಮೇಲೆ ಮಾಡಿ ಕೈ ಚಾಚಿದ್ದಳು. ಎದುರು ಮೆಟ್ಟಿಲಲ್ಲಿ ಒಬ್ಬ ತಾಯಿ ಆ ಕೈ ನೋಡಿದಳು. ಅವಳ ಮಗನೂ ಅದೇ ಸಾಲಿನ ಕಲ್ಲು. ಎಣಿಸುವವರು ಕೈ ಚಾಚುವುದಿಲ್ಲ ಎಂಬುದು ಅವಳಿಗೆ ತಟ್ಟನೆ ಹೊಳೆಯಿತು. ಮೂರನೆಯ ಸಲ ಅವಳೂ ಕೈ ಚಾಚಿ "ಏಳು" ಎಂದಳು.

ನಾಲ್ಕನೆಯ ಸಲಕ್ಕೆ ಕಲ್ಲಾದವರ ಹೆಂಡಿರು, ಅಪ್ಪಂದಿರು, ತಂಗಿಯರು ಸೇರಿದರು. ಐದನೆಯ ಸಲಕ್ಕೆ ಗರಡಿಯ ಅರ್ಧ ಜನ ಎಣಿಸುವುದನ್ನು ಬಿಟ್ಟಿದ್ದರು. ಸಪ್ತಕೇತುವಿನ ಮುಖ ಬಿಳುಚಿತು. ಎಣಿಸಿರಿ, ಸರಿಯಾಗಿ ಎಣಿಸಿರಿ ಎಂದು ಬೆತ್ತ ಬೀಸಿ ಗದರಿದ. ಆರನೆಯ ಸಲ ನಿಂಬೆವ್ವನ ಉಸಿರು ಸಿಕ್ಕಿಕೊಂಡಿತು. ಮೈಗೆ ಮೆತ್ತಿದ ಮಣ್ಣಿನ ಅರಿಶಿನ ಗಾಯ ಮುಚ್ಚುತ್ತಿತ್ತು, ಮಜ್ಜಿಗೆ ಉರಿ ಇಳಿಸುತ್ತಿತ್ತು. ಮುತ್ತಜ್ಜಿಯ ಮಣ್ಣು ಅವಳ ಕೈಬಿಟ್ಟಿರಲಿಲ್ಲ. ಎದ್ದಳು.

ಏಳನೆಯ ಸಲ ಸಪ್ತಕೇತು ಅವಳನ್ನು ತಲೆಯ ಮೇಲಕ್ಕೆತ್ತಿ ನೆಲಕ್ಕೆ ಅಪ್ಪಳಿಸಿದ. ಈಗ ಲೆಕ್ಕ ಹಾಕುವವರ ಮಾತೂ ಎಬ್ಬಿಸುವವರ ಮಾತೂ ಒಂದೇ. ಗರಡಿಯೆಲ್ಲ ಒಂದಾಗಿ "ಏಳು" ಎಂದಿತು. ನಿಂಬೆವ್ವನ ಕಾಲ ಬೆರಳುಗಳು ತಣ್ಣಗಾದವು. ಮೊಣಕಾಲಿನ ತನಕ ಕಲ್ಲು ಏರಿತು. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಕಷ್ಟಪಟ್ಟು ಕತ್ತು ಹೊರಳಿಸಿ ನೋಡಿದಳು. ಮೆಟ್ಟಿಲು ಮೆಟ್ಟಿಲಿನಿಂದ ಕೈಗಳು ಅವಳ ಕಡೆ ಚಾಚಿದ್ದವು. ಮುದುಕರ ಕೈ, ಮಕ್ಕಳ ಕೈ, ಸುತ್ತಿಗೆ ಕೆಳಗಿಟ್ಟ ಆಳುಗಳ ಕೈ, ಕಡೆಗೆ ಸಿಂಹಾಸನದಿಂದ ಎದ್ದು ನಿಂತ ರಾಜನ ಕೈ. ಈಗ ಎಣಿಸುವವರು ಒಬ್ಬರೂ ಉಳಿದಿರಲಿಲ್ಲ. ಅವಳು ತೊಡೆ ತಟ್ಟಿಕೊಂಡಳು. ಕಾಲಿನ ಕಲ್ಲು ಒಣಮಣ್ಣಿನ ಹಾಗೆ ಉದುರಿತು. ನಿಂಬೆವ್ವ ಎದ್ದು ನಿಂತಳು.

ಆ ಒಂದು ಮಾತು ಅವಳೊಬ್ಬಳಿಗೇ ಕೇಳಿಸಿರಲಿಲ್ಲ. ಕಣದ ಅಂಚಿನ ಮೂವತ್ತೊಂದು ಕಲ್ಲುಗಳಿಗೂ ಕೇಳಿತ್ತು. ಮೊದಲು ಒಂದು ಅಲುಗಿತು, ಆಮೇಲೆ ಸಾಲಿಗೆ ಸಾಲೇ ಮೈಕೊಡವಿತು. ಮೂವತ್ತೊಂದು ಗಂಡಸರು ಕಣ್ಣುಜ್ಜಿಕೊಳ್ಳುತ್ತ ಎದ್ದು ನಿಂತರು. ಅವರವರ ಬಲ ಅವರವರಿಗೆ ವಾಪಸಾಯಿತು. ಬಲವೆಲ್ಲ ಹೋದ ಸಪ್ತಕೇತು ಕಿರೀಟದ ಭಾರ ತಾಳದೆ ಕಣದಲ್ಲಿ ಕುಸಿದು ಬಿದ್ದ. ನೋಡಿದರೆ ಒಣಕಲು ಮುದುಕ.

ಅವನಿಗೆ ಆ ಮಾತು ಹೇಳುವವರು ಒಬ್ಬರೂ ಇರಲಿಲ್ಲ. ನಿಂಬೆವ್ವನಿಗೂ ಹೇಳಲು ಮನಸ್ಸಿರಲಿಲ್ಲ. ಒಳಗೆ ಸಿಟ್ಟು ಇನ್ನೂ ಕುದಿಯುತ್ತಿತ್ತು. ಆದರೆ ಬಿದ್ದವರಲ್ಲಿ ಆರಿಸಿ ಎಬ್ಬಿಸುವುದಾದರೆ ತಾವು ಹದ ಮಾಡಿದ ಮಣ್ಣಿಗೆ ಅವಮಾನ ಎಂದು ಅವಳಿಗೆ ಅನ್ನಿಸಿತು. ಹತ್ತಿರ ಹೋಗಿ, ಕೈ ಕೊಟ್ಟು, ಏಳು ಎಂದಳು. ಮುದುಕ ನಡುಗುತ್ತ ಎದ್ದ. ರಾಜ ಅವನಿಗೆ ಶಿಕ್ಷೆ ಏನೆಂದು ಅವಳನ್ನೇ ಕೇಳಿದ. ದಿನಾ ಬೇವು ಅರೆದು ಕೊಡಲಿ, ನಮಗೆ ಕೈ ನೋಯುತ್ತದೆ ಎಂದಳು ಗೌರವ್ವ, ನಿಂಬೆವ್ವ ಬಾಯಿ ತೆರೆಯುವ ಮೊದಲೇ. ಎಲ್ಲರೂ ನಕ್ಕರು. ಹಾಗೇ ಆಯಿತು.

ಇಷ್ಟಾದರೂ ನಿಂಬೆವ್ವನಿಗೆ ಅಣ್ಣನ ಎದುರು ಹೋಗಲು ಕಾಲು ಬರಲಿಲ್ಲ. ಸಂಕಪ್ಪನೇ ಮಣ್ಣು ಮೆತ್ತಿದ ಮೈಯಲ್ಲಿ ಅವಳ ಹತ್ತಿರ ಬಂದ. ಅವಳು ತಲೆ ತಗ್ಗಿಸಿದಳು.

"ಅಣ್ಣಾ, ಅವತ್ತ ನೀ ಬಿದ್ದಾಗ ನಾನೂ ಕೂಗಿದ್ದೆ."

"ಗೊತ್ತದ. ಅಷ್ಟೂ ದನಿಯೊಳಗ ನಿನ್ನ ದನಿ ಒಂದ ನನಗ ಕೇಳಿತು," ಎಂದ ಸಂಕಪ್ಪ. "ತಂಗಿ ಏಳು ಅನ್ನಾಕತ್ತಾಳ, ಏಳಬೇಕು ಅಂತ ಅವತ್ತಿಂದ ಏಳಾಕ ನೋಡಾಕತ್ತಿದ್ದೆ. ಇವತ್ತ ಆತು."

ನಿಂಬೆವ್ವ ಅಣ್ಣನ ಹೆಗಲ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು. ಅವನ ಹೆಗಲು ಬೆಚ್ಚಗಿತ್ತು.

ಅಂದಿನಿಂದ ಕೆಮ್ಮಣ್ಣಾವತಿಯಲ್ಲಿ ಎದುರಾಳಿಯನ್ನು ಕೆಡವಿದವನೇ ಕೈ ಕೊಟ್ಟು ಎಬ್ಬಿಸಬೇಕು, ಎಬ್ಬಿಸಿದ ಮೇಲೆಯೇ ಗೆಲುವು. ಮಣ್ಣು ತುಳಿಯುವವರಿಗೆ ರಾಜನ ಪಕ್ಕದ ಮೊದಲ ಮೆಟ್ಟಿಲು. ಅಲ್ಲಿ ಈಗ ಹೆಣ್ಣುಮಕ್ಕಳೂ ಕುಸ್ತಿ ಹಿಡಿಯುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಸಂಜೆ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಾರೆ. ಅವರೆಲ್ಲ ಅಲ್ಲಿ ಸುಖವಾಗಿದ್ದಾರೆ, ಇದನ್ನು ಕೇಳಿದ ನೀವು ಇಲ್ಲಿ ಸುಖವಾಗಿರಿ.